ಮೊದಲ ಇಪ್ಪತ್ತು ನಿಮಿಷ

"ಏನಣ್ಣಾ, ಹಳೇ ಕ್ಯಾಮ್ ಹಾಕಿ ಹೊಸದು ಅಂತ ಹೇಳಿ ಕಳಿಸಿದ್ರಾ?"

ಈ ಮಾತಿನಲ್ಲಿ ಅಶ್ವತ್ಥನಿಗೆ ಚುಚ್ಚಿದ್ದು ಕ್ಯಾಮ್ ಅಲ್ಲ, ಅಣ್ಣಾ. ಮಧುಗಿರಿಯಲ್ಲಿ ಪಾವಗಡ ರಸ್ತೆಗಿರುವ ಅವನ ಟ್ರ್ಯಾಕ್ಟರ್ ಶೆಡ್ಡಿಗೆ ಬರುವ ಹೆಂಗಸರೆಲ್ಲ ಅವನನ್ನು ಅಣ್ಣಾ ಎಂದೇ ಕರೆಯುತ್ತಾರೆ, ಅದಕ್ಕೆ ಅವನದೇನೂ ತಕರಾರಿಲ್ಲ. ಆದರೆ ಪುರವರದ ಕಡೆಯ ಜ್ಯೋತಿಲಕ್ಷ್ಮಿ ನಾಲ್ಕು ತಿಂಗಳ ಹಿಂದೆ ಎಂಜಿನ್ ಕಟ್ಟಿಸಲು ಬಂದಾಗ, ಒಂಬತ್ತು ದಿನವೂ "ಅಶ್ವತ್ಥ್ ಅವ್ರೆ" ಎಂದಿದ್ದಳು. ಒಂದು ಸಲ ಬಾಯಿತಪ್ಪಿಯೂ ಅಣ್ಣಾ ಎಂದಿರಲಿಲ್ಲ. ಮೂವತ್ತೊಂದು ವರ್ಷದ ಗಂಡಸೊಬ್ಬ ಇಂಥದ್ದನ್ನೆಲ್ಲ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡು ಕೂರಬಾರದು. ಕೂತಿದ್ದ, ಏನು ಮಾಡುವುದು.

ಅವಳ ಟ್ರ್ಯಾಕ್ಟರು ಇನ್ನೊಬ್ಬರ ಟ್ರ್ಯಾಕ್ಟರಿನ ಹಿಂದೆ ಚೈನು ಕಟ್ಟಿಸಿಕೊಂಡು ಬಂದಿತ್ತು. ಅವಳು ಸೀಟಿನಿಂದ ಇಳಿದಳು. ತಲೆಗೆ ಅಪ್ಪನ ಟವೆಲ್ಲು, ಕೈಬಳೆಗಳನ್ನೆಲ್ಲ ಮೊಣಕೈಯವರೆಗೆ ಮೇಲೆ ತಳ್ಳಿದ್ದಳು, ಮುಖದ ತುಂಬ ರಸ್ತೆಯ ಧೂಳು. ಈ ನಾಲ್ಕು ತಿಂಗಳಲ್ಲಿ ಅವಳು ಬಂದರೆ ಹೇಗಿರುತ್ತದೆ ಎಂದು ಅಶ್ವತ್ಥ ಹಲವು ರೀತಿಯಲ್ಲಿ ಯೋಚಿಸಿದ್ದ. ಬೈಯುತ್ತಾ ಇಳಿಯುವ ರೀತಿ ಅದರಲ್ಲಿ ಇರಲಿಲ್ಲ.

"ಹೊಸದೇ ಹಾಕಿದ್ದು. ಪ್ಯಾಕೆಟ್ಟು ನಿಮ್ಮ ಕಣ್ಮುಂದೇನೇ ಹರಿದಿದ್ನಲ್ಲ."

"ಹರಿದಿದ್ದು ನೋಡ್ದೆ. ಒಳಗಿದ್ದುದ್ದು ಯಾವ ಕಾಲದ್ದೋ ನಂಗೇನು ಗೊತ್ತು?"

ಅವನು ಮಾತು ಬೆಳೆಸದೆ ಎಂಜಿನ್ ಸ್ಟಾರ್ಟ್ ಮಾಡಿದ. ಟಕಟಕ ಎಂದು ಮೇಲಿನಿಂದ ಸದ್ದು. ಮೂರು ಸಿಲಿಂಡರಿನ ಎಂಜಿನ್ನು ಎರಡೇ ಸಿಲಿಂಡರಿನಲ್ಲಿ ಏದುಸಿರು ಬಿಡುತ್ತಿತ್ತು. ಎರಡು ನಿಮಿಷಕ್ಕೇ ಆಫ್ ಮಾಡಿ ಮೀಟರ್ ನೋಡಿದ. ತಾನು ಕಟ್ಟಿ ಕಳಿಸಿದ ಮೇಲೆ ಬರೀ ನೂರನಲವತ್ತು ಗಂಟೆ ಓಡಿತ್ತು. ನಾಲ್ಕೈದು ಸಾವಿರ ಗಂಟೆ ತಿರುಗಬೇಕಾದ ಸಾಮಾನು ನೂರನಲವತ್ತಕ್ಕೆ ಸವೆದಿದೆ ಎಂದರೆ ಬೈಯುವುದರಲ್ಲಿ ತಪ್ಪೇನೂ ಇರಲಿಲ್ಲ.

ಕ್ಯಾಮ್ ಎಂದರೆ ಎಂಜಿನ್ನಿನ ಹೊಟ್ಟೆಯೊಳಗೆ ತಿರುಗುವ, ಅಲ್ಲಲ್ಲಿ ಉಬ್ಬುಗಳಿರುವ ಉಕ್ಕಿನ ಸರಳು. ಒಂದೊಂದು ಉಬ್ಬೂ ತಿರುಗಿ ಬಂದು ತನ್ನ ಮೇಲೆ ಕೂತ ಟ್ಯಾಪೆಟ್ ಎಂಬ ಗುಂಡಿಯನ್ನು ಎತ್ತುತ್ತದೆ, ಆಗ ಮೇಲೆ ವಾಲ್ವ್ ತೆರೆದು ಎಂಜಿನ್ ಉಸಿರಾಡುತ್ತದೆ. ಉಬ್ಬು ಸವೆದರೆ ವಾಲ್ವ್ ಪೂರಾ ತೆರೆಯುವುದಿಲ್ಲ. ಇದನ್ನು ಜ್ಯೋತಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಳೆದ ಸಲ ಒಂಬತ್ತು ದಿನ ಸ್ಟೂಲು ಹಾಕಿಕೊಂಡು ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದಳು.

ನೀರು ಕುಡಿದ ಮೇಲೆ ಅವಳ ದನಿ ಇಳಿಯಿತು. ವಿಷಯವನ್ನು ಒಂದೊಂದಾಗಿ ಹೇಳಿದಳು. ಅವಳಪ್ಪ ದೊಡ್ಡರಂಗಯ್ಯನವರು ಆರು ವರ್ಷದ ಹಿಂದೆ ಬಿದ್ದು ಸೊಂಟ ಮುರಿದುಕೊಂಡಾಗಿನಿಂದ ಟ್ರ್ಯಾಕ್ಟರು ಓಡಿಸುತ್ತಿರುವುದು ಅವಳೇ. ಸುತ್ತ ನಾಲ್ಕು ಹಳ್ಳಿಯ ಹೊಲ ಉಳುವುದು, ಬಿತ್ತುವುದು, ಟ್ರೇಲರ್ ಹೊಡೆಯುವುದು, ಎಲ್ಲ ಅವಳದೇ ಕೈಯಲ್ಲಿ. ಆದರೆ ಟ್ರ್ಯಾಕ್ಟರು ಕೊಳ್ಳುವಾಗ ಅರ್ಧ ಹಾಕಿದವರು ಪಾವಗಡದ ಸೋದರಮಾವ ಪೆದ್ದಣ್ಣ. ಹುಡುಗಿ ಕೈಗೆ ಗಾಡಿ ಕೊಟ್ಟರೆ ಇನ್ನೇನಾಗುತ್ತದೆ, ವರ್ಷಕ್ಕೆರಡು ಸಲ ಎಂಜಿನ್ ಕೂತಿದೆ, ಎನ್ನುವುದು ಅವರ ಮಾತು. ಶುಕ್ರವಾರ ಅವರೇ ಶೆಡ್ಡಿಗೆ ಬರುತ್ತಾರೆ. ಕೆಟ್ಟಿದ್ದು ಓಡಿಸಿದವರ ತಪ್ಪಿನಿಂದ ಎಂದಾದರೆ ರಿಪೇರಿ ಮಾಡಿಸಿ ಟ್ರ್ಯಾಕ್ಟರನ್ನು ಪಾವಗಡಕ್ಕೆ ತೆಗೆದುಕೊಂಡು ಹೋಗಿ, ಅಲ್ಲಿ ಡ್ರೈವರ್ ಇಡುತ್ತಾರೆ. ಅವಳು ಮನೆಯಲ್ಲಿರಬೇಕು.

"ಇವತ್ತು ಮಂಗಳವಾರ," ಎಂದಳು. "ನನ್ ಪರವಾಗಿ ಸುಳ್ಳು ಹೇಳ್ಬೇಡಿ. ನಾನು ಕೆಡಿಸಿದ್ರೆ ನೀನೇ ಕೆಡಿಸಿದ್ದು ಅನ್ನಿ, ಒಪ್ಕೊಂಡು ಕೀ ಕೊಟ್ಬುಡ್ತೀನಿ. ನಾನಲ್ಲಾಂದ್ರೆ ಮಾತ್ರ ಯಾರು ಅಂತ ಹೇಳ್ಬೇಕು."

ಹೇಳ್ತೀನಿ ಎಂದು ಅಶ್ವತ್ಥ ಮಾತು ಕೊಟ್ಟ. ಅವನಿಗೆ ಆಗ ಯಾರು ಎಂದು ಗೊತ್ತಿದ್ದರೆ ಅಷ್ಟು ಸಲೀಸಾಗಿ ಕೊಡುತ್ತಿದ್ದನೋ ಇಲ್ಲವೋ.

ಅವನು ಮೇಲಿನ ಕವರ್ ಬಿಚ್ಚಿದ. ಅವಳು ಮೊಬೈಲ್ ಟಾರ್ಚ್ ಹಿಡಿದಳು. ಬೆಳಕು ಅವನಿಗೆ ಬೇಕಾದ ಕಡೆಯೇ ಬೀಳುತ್ತಿತ್ತು. ಕೈ ಎತ್ತ ಹೋಗುತ್ತದೆ ಎಂದು ಅವಳಿಗೆ ಮೊದಲೇ ತಿಳಿಯುತ್ತಿತ್ತು. ನಡುವೆ ಒಮ್ಮೆ ಬೆಳಕು ಅವನ ಮುಖಕ್ಕೆ ಬಂದು, ಒಂದು ಗಳಿಗೆ ನಿಂತು, ಏನೂ ಆಗದವರ ಹಾಗೆ ಎಂಜಿನ್ನಿಗೆ ಹಿಂತಿರುಗಿತು. ಅವನು ಕಣ್ಣು ಕಿರಿದು ಮಾಡಿ ನೋಡಿದಾಗ ಅವಳು ಸ್ಪ್ಯಾನರ್‌ಗಳನ್ನು ಎಣಿಸುತ್ತಿದ್ದಳು.

ವಾಲ್ವ್ ಗ್ಯಾಪು ಯಾರೋ ಇತ್ತೀಚೆಗೆ ಸೆಟ್ ಮಾಡಿದ್ದರು.

"ಇದ್ಯಾರು ಮಾಡಿದ್ದು?"

"ನಾನೇ. ಎರಡು ಸಲ. ಸದ್ದು ಬಂದಾಗೆಲ್ಲ."

"ಗ್ಯಾಪು ಅಳೆಯೋ ಗೇಜು?"

"ನಮ್ಮೂರಾಗೆ ಗೇಜು ಎಲ್ಲೈತೆ? ಅಪ್ಪನ ಶೇವಿಂಗ್ ಬ್ಲೇಡು ಮೂರು ಜೋಡ್ಸಿ ಇಟ್ಟೆ."

ಅಶ್ವತ್ಥ ತನ್ನ ಡಬ್ಬಿಯಿಂದ ಮೂರು ಬ್ಲೇಡು ತೆಗೆದು ಜೋಡಿಸಿ ಅಳೆದ. ಮಿಲಿಮೀಟರಿನ ನೂರು ಪಾಲಿನಲ್ಲಿ ಸರಿಯಾಗಿ ಮೂವತ್ತು. ಎಂಜಿನ್ನಿಗೆ ಬೇಕಾದ್ದೂ ಮೂವತ್ತೇ. ಅವನಿಗೆ ನಗು ತಡೆಯಲಾಗಲಿಲ್ಲ. ಏನು ನಗು ಎಂದು ಅವಳು ಹುಬ್ಬು ಗಂಟಿಕ್ಕಿದಳು. ಏನಿಲ್ಲ, ನಾಳೆಯಿಂದ ಇಲ್ಲೇ ಕೆಲಸಕ್ಕೆ ಬನ್ನಿ, ಎಂದ. ಸಂಬಳ ನೋಡಿ ಹೇಳ್ತೀನಿ, ಎಂದಳು.

ಎಂಜಿನ್ನಿನ ಸಾಮಾನು ಅಕಾಲಕ್ಕೆ ಸವೆಯುವುದಕ್ಕೆ ಕಾರಣ ಹುಡುಕುವುದೆಂದರೆ ಕಳ್ಳನನ್ನು ಹುಡುಕಿದ ಹಾಗೆಯೇ. ಮೊದಲು ಅನುಮಾನ ಬರುವುದು ಆಯಿಲ್ ಮೇಲೆ. ಕಾಲಕಾಲಕ್ಕೆ ಬದಲಾಯಿಸದಿದ್ದರೆ ಅದು ನೀರಾಗಿ ಉಕ್ಕು ಉಕ್ಕನ್ನೇ ತಿನ್ನುತ್ತದೆ. ಅವನು ಫಿಲ್ಟರ್ ಬಿಚ್ಚಿದ. ಅದರ ಮೈಮೇಲೆ ಕೆಂಪು ನೇಲ್ ಪಾಲಿಶ್‌ನಲ್ಲಿ ಹಾಕಿದ ತಾರೀಕು ಮತ್ತು ಮೀಟರಿನ ಗಂಟೆ ಎದ್ದು ಕಾಣುತ್ತಿತ್ತು. ಹೇಳಿದ್ದಕ್ಕಿಂತ ಹತ್ತು ಗಂಟೆ ಮೊದಲೇ ಬದಲಾಯಿಸಿದ್ದಳು. ಎರಡನೆಯ ಅನುಮಾನ ಧೂಳಿನ ಮೇಲೆ. ಏರ್ ಕ್ಲೀನರಿನ ಬಟ್ಟಲು ಊಟ ಮಾಡಬಹುದಾದಷ್ಟು ಚೊಕ್ಕಟ. ಮೂರನೆಯದು ಅಡ್ಡಾದಿಡ್ಡಿ ರೇಸು ಕೊಟ್ಟು ಓಡಿಸುವುದು. ಹೆಡ್ ಎತ್ತಿ ನೋಡಿದರೆ ವಾಲ್ವು ಪಿಸ್ಟನ್ನಿಗೆ ತಾಗಿದ ಒಂದು ಗುರುತೂ ಇರಲಿಲ್ಲ. ಕೆಳಗಿನ ಬೇರಿಂಗುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು, ಆದ್ದರಿಂದ ಆಯಿಲ್ ಪಂಪನ್ನೂ ಬೈಯುವಂತಿರಲಿಲ್ಲ.

ಅವಳ ಮೇಲಿನ ಒಂದೊಂದು ಆಪಾದನೆ ಬಿದ್ದುಹೋದಾಗಲೂ ಅಶ್ವತ್ಥನಿಗೆ ಒಳಗೊಳಗೇ ಖುಷಿ. ಇಷ್ಟು ಅಕ್ಕರೆಯಿಂದ ಗಾಡಿ ನೋಡಿಕೊಂಡವರನ್ನು ಅವನು ಈ ಹತ್ತು ವರ್ಷದಲ್ಲಿ ಕಂಡಿರಲಿಲ್ಲ. ಅವಳು ತಪ್ಪಿಸಿಕೊಂಡಷ್ಟೂ ತಪ್ಪು ತನ್ನ ಕಡೆಗೇ ನಡೆದು ಬರುತ್ತಿದೆ ಎನ್ನುವುದು ಆ ಖುಷಿಯಲ್ಲಿ ಅವನಿಗೆ ಹೊಳೆಯಲೇ ಇಲ್ಲ.

ಬುಧವಾರ ಮಧ್ಯಾಹ್ನ ಎಂಜಿನ್ನಿನ ಮುಂಭಾಗ ಬಿಚ್ಚಿ ಕ್ಯಾಮನ್ನು ಹೊರಗೆಳೆದು ಬಟ್ಟೆಯ ಮೇಲೆ ಮಲಗಿಸಿದ. ಇಬ್ಬರೂ ಬಗ್ಗಿ ನೋಡಿದರು. ಆರು ಉಬ್ಬುಗಳಲ್ಲಿ ಮೂರು ಮೊಟ್ಟೆಯ ಆಕಾರ ಕಳೆದುಕೊಂಡು ಗುಂಡಗಾಗಿದ್ದವು. ಅವುಗಳ ಮೇಲೆ ಕೂತ ಟ್ಯಾಪೆಟ್ಟುಗಳ ತಳ ಸವೆದು ತಟ್ಟೆಯ ಹಾಗೆ ಗುಳಿಬಿದ್ದಿತ್ತು. ಅವಳು ಒಂದನ್ನು ಎತ್ತಿಕೊಂಡು ಬೆರಳ ತುದಿಯಿಂದ ಗುಳಿಯನ್ನು ಸವರಿದಳು. ಅವನೂ ಅದೇ ಹೊತ್ತಿಗೆ ಬೆರಳಿಟ್ಟ. ಒಂದು ರೂಪಾಯಿಯಗಲದ ಉಕ್ಕಿನ ಮೇಲೆ ಎರಡು ಬೆರಳಿಗೆ ಜಾಗ ಎಲ್ಲಿ? ಇಬ್ಬರೂ ಒಟ್ಟಿಗೇ ಕೈ ತೆಗೆದರು, ಟ್ಯಾಪೆಟ್ಟು ಕೆಳಗೆ ಬಿತ್ತು.

"ಪಾಪ, ಇದುಕ್ಕೆ ಎಷ್ಟು ನೋವಾಗಿರ್ಬೇಕು," ಎಂದಳು, ಅದನ್ನು ಎತ್ತಿ ಸೆರಗಿನಿಂದ ಒರೆಸುತ್ತಾ.

ಉಕ್ಕಿಗೂ ಪಾಪ ಎನ್ನುವವಳನ್ನು ಏನು ಮಾಡುವುದು ಎಂದು ಅಶ್ವತ್ಥನಿಗೆ ತಿಳಿಯಲಿಲ್ಲ.

ಉಳಿದಿದ್ದು ಒಂದೇ ಅನುಮಾನ. ಕ್ಯಾಮಿನ ಉಕ್ಕೇ ಮೆತ್ತಗಿದ್ದಿರಬೇಕು, ಅಂದರೆ ಡೂಪ್ಲಿಕೇಟ್ ಮಾಲು. ಅದನ್ನು ಖಚಿತವಾಗಿ ಹೇಳಬಲ್ಲವರು ಶಿರಾದಲ್ಲಿರುವ ಅವನ ಉಸ್ತಾದರು. ಎಪ್ಪತ್ತು ದಾಟಿದ್ದರೂ ಉಗುರಲ್ಲಿ ಗೀರಿ ಉಕ್ಕಿನ ಜಾತಕ ಹೇಳುವವರು. ಗುರುವಾರ ಬೆಳಿಗ್ಗೆ ಅವನು ಕ್ಯಾಮನ್ನೂ ಟ್ಯಾಪೆಟ್ಟುಗಳನ್ನೂ ಗೋಣಿಯಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೋದರೆ, ಅಲ್ಲಿ ಅವಳು ಆಗಲೇ ಬಂದು ನಿಂತಿದ್ದಳು. ನನ್ನ ಗಾಡಿಯ ವಿಚಾರ, ನಾನಿಲ್ಲದೆ ಹೆಂಗೆ, ಎಂದಳು.

ಉಸ್ತಾದರ ಹೆಂಡತಿ ಅವಳನ್ನು ನೋಡುತ್ತಲೇ ಒಳಗೆ ಕರೆದುಕೊಂಡು ಹೋಗಿ ಟೀಗೆ ಕೂರಿಸಿದರು. ಹೊರಗೆ ಬೇವಿನ ಮರದ ಕೆಳಗೆ ಉಸ್ತಾದರು ಕ್ಯಾಮಿನ ಸವೆಯದ ಜಾಗದಲ್ಲಿ ಅರ ಇಟ್ಟು ಉಜ್ಜಿದರು. ಅರ ಜಾರಿತು. ಉಕ್ಕು ಗಟ್ಟಿಯಾಗಿತ್ತು, ಮಾಲು ಅಸಲಿಯೇ. ಆಮೇಲೆ ಅವರು ಗುಳಿಬಿದ್ದ ಟ್ಯಾಪೆಟ್ಟನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಬೇಟಾ, ಹೊಸಾ ಕ್ಯಾಮ್, ಹೊಸಾ ಟ್ಯಾಪೆಟ್. ಫಸ್ಟ್ ಸ್ಟಾರ್ಟ್ ಮಾಡಿದಾಗ ಎಷ್ಟು ಹೊತ್ತು ರೇಸಲ್ಲಿ ಇಟ್ಟಿದ್ದಿ?"

ಅಶ್ವತ್ಥ ಕ್ಯಾಮಿನ ಗುಂಡಗಾದ ಉಬ್ಬಿನ ಮೇಲೆ ಹೆಬ್ಬೆರಳು ಒತ್ತಿದ.

ಇದೇ ಮರದ ಕೆಳಗೆ, ಹದಿನೇಳನೇ ವಯಸ್ಸಿನಲ್ಲಿ ಅವನು ಕಲಿತ ಮೊದಲ ಪಾಠ ಅದು. ಹೊಸ ಕ್ಯಾಮಿಗೂ ಹೊಸ ಟ್ಯಾಪೆಟ್ಟಿಗೂ ಮೊದಲ ಇಪ್ಪತ್ತು ನಿಮಿಷದಲ್ಲಿ ಒಂದಕ್ಕೊಂದು ಹೊಂದಿಕೆಯಾಗಬೇಕು. ಅಷ್ಟು ಹೊತ್ತು ಎಂಜಿನ್ನು ಜೋರಾಗಿಯೇ ಓಡಬೇಕು, ಆಗ ಮಾತ್ರ ಕೆಳಗಿನ ಆಯಿಲ್ಲು ಚಿಮ್ಮಿ ಕ್ಯಾಮನ್ನು ತೋಯಿಸುತ್ತದೆ. ಸ್ಲೋನಲ್ಲಿ ಬಿಟ್ಟರೆ ಆಯಿಲ್ಲು ಅಲ್ಲಿಗೆ ಹತ್ತುವುದಿಲ್ಲ, ಒಣ ಉಕ್ಕು ಒಣ ಉಕ್ಕನ್ನು ಕೆರೆಯುತ್ತದೆ. ಆವತ್ತು ಬಿದ್ದ ಗೀರು ಆಮೇಲೆ ಎಷ್ಟು ಒಳ್ಳೆಯ ಆಯಿಲ್ ಹಾಕಿದರೂ ಬೆಳೆಯುತ್ತಲೇ ಹೋಗುತ್ತದೆ.

ಈ ಸೀಮೆಯಲ್ಲಿ ಇದಕ್ಕೊಂದು ಕಂಟಕವಿದೆ. ಎಂಜಿನ್ ಕಟ್ಟಿದ ಮೇಲೆ ಮೊದಲ ಸಲ ಸ್ಟಾರ್ಟ್ ಆದಾಗಲೇ ಪೂಜೆ ಆಗಬೇಕು, ಮಂಗಳಾರತಿ ಆಗುವವರೆಗೂ ಎಂಜಿನ್ ನಿಲ್ಲಬಾರದು, ನಿಂತರೆ ಅಪಶಕುನ. ಅಶ್ವತ್ಥ ಯಾರ ಮಾತಿಗೂ ಜಗ್ಗುತ್ತಿರಲಿಲ್ಲ. ಊರಗೌಡರೇ ಬಂದು ನಿಂತರೂ, ಇಪ್ಪತ್ತು ನಿಮಿಷ ತಡೀರಿ ಸ್ವಾಮಿ, ನನ್ನ ಪೂಜೆ ಮುಗೀಲಿ, ಆಮೇಲೆ ನಿಮ್ಮದು, ಎನ್ನುತ್ತಿದ್ದ.

ಅವನು ಜಗ್ಗಿದ್ದು ಒಂದೇ ಸಲ. ನಾಲ್ಕು ತಿಂಗಳ ಹಿಂದಿನ ಆ ಶನಿವಾರ ಎಂಜಿನ್ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದಿತ್ತು, ಅವನು ರೇಸು ಏರಿಸಿದ್ದ. ತಲೆಗೆ ಸ್ನಾನ ಮಾಡಿ, ಹಸಿರು ಸೀರೆಯುಟ್ಟು, ತಟ್ಟೆ ಹಿಡಿದು ಅಪ್ಪನ ಜೊತೆ ಬಂದ ಜ್ಯೋತಿ, ಗಂಟೆ ಸದ್ದು ಕೇಳಿಸ್ತಿಲ್ಲ, ಒಂಚೂರು ಕಮ್ಮಿ ಮಾಡ್ತೀರಾ ಎಂದು ಕೈಸನ್ನೆಯಲ್ಲಿ ಕೇಳಿದಳು. ಅವನ ಕೈ ತಾನಾಗಿಯೇ ಹೋಗಿ ರೇಸು ಇಳಿಸಿತು. ಅವಳು ರೇಡಿಯೇಟರಿಗೆ ಅರಿಶಿನ ಕುಂಕುಮ ಇಟ್ಟಳು, ಚಕ್ರದ ಒಂದೊಂದು ನಟ್ಟಿಗೂ ಬೊಟ್ಟಿಟ್ಟಳು. ಕರ್ಪೂರ ಹಚ್ಚಲು ಏಳು ಕಡ್ಡಿ ಗೀರಿದಳು. ಕೂದಲು ಹಿಂದಕ್ಕೆ ಸರಿಸುವಾಗ ಮೂಗಿನ ಮೇಲೆ ಕುಂಕುಮ ಹತ್ತಿತು, ಅದು ಅವಳಿಗೆ ಗೊತ್ತಾಗಲಿಲ್ಲ. ಅಶ್ವತ್ಥ ಒಡೆಯಬೇಕಾದ ತೆಂಗಿನಕಾಯಿಯನ್ನು ಕೈಯಲ್ಲಿ ಹಿಡಿದು ಆ ಮೂಗನ್ನೇ ನೋಡುತ್ತಾ ನಿಂತಿದ್ದ. ಎಂಜಿನ್ನು ಮುಕ್ಕಾಲು ಗಂಟೆ ಸ್ಲೋನಲ್ಲಿ ಗುಡುಗುಡು ಎನ್ನುತ್ತಿತ್ತು. ಒಳಗೆ ಕ್ಯಾಮು ಒಣಗುತ್ತಿತ್ತು. ಅವನಿಗೆ ಕೇಳಲಿಲ್ಲ.

ಉಸ್ತಾದರು ಶಿಷ್ಯನ ಮುಖವನ್ನೊಮ್ಮೆ, ಒಳಗಿನಿಂದ ನಗು ಕೇಳಿಬರುತ್ತಿದ್ದ ಬಾಗಿಲನ್ನೊಮ್ಮೆ ನೋಡಿ, ಇನ್ನೇನೂ ಕೇಳದೆ ಕ್ಯಾಮನ್ನು ಗೋಣಿಯಲ್ಲಿ ಸುತ್ತಿ ಕೊಟ್ಟರು.

ವಾಪಸ್ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಳು. ಇಬ್ಬರ ನಡುವೆ ಗೋಣಿಯ ಗಂಟು. ಉಕ್ಕು ಅಸಲಿ ಎಂದಷ್ಟೇ ಅವನು ಹೇಳಿದ್ದ. ಮತ್ತೆ ಯಾಕೆ ಸವೀತು ಎಂದು ಅವಳು ಕೇಳಿದ್ದಕ್ಕೆ, ಯೋಚನೆ ಮಾಡ್ತಿದೀನಿ ಎಂದ. ಬಡವನಹಳ್ಳಿಯಲ್ಲಿ ಅವಳು ಬೇಯಿಸಿದ ಕಡ್ಲೇಕಾಯಿ ಕೊಂಡು, ಒಂದು ತಾನು ತಿಂದರೆ ಒಂದು ಬಿಡಿಸಿ ಅವನ ಅಂಗೈಗೆ ಹಾಕಿದಳು. ಇವತ್ತು ಅವಳಿಗೆ ಕೋಪವಿರಲಿಲ್ಲ. ತಾನು ಕೆಡಿಸಿಲ್ಲ ಎನ್ನುವುದು ಅರ್ಧ ಸಾಬೀತಾಗಿತ್ತು. ಬಿತ್ತನೆ ಮುಗಿದ ಮೇಲೆ ಹೊಸ ರೊಟವೇಟರ್ ಕೊಳ್ಳುವ ಆಸೆಯಿದೆ ಎಂದಳು. ಬೆಳಗಿನ ಜಾವ ಒಂಟಿಯಾಗಿ ಹೊಲ ಉಳುವಾಗ ಜೋರಾಗಿ ಹಾಡಿಕೊಳ್ಳುತ್ತೇನೆ, ಎಂಜಿನ್ ಸದ್ದಿಗೆ ಯಾರಿಗೂ ಕೇಳಿಸುವುದಿಲ್ಲ, ಅದೊಂದು ಸುಖ ಎಂದೂ ಹೇಳಿದಳು. ಅವನು ಅಂಗೈಯಲ್ಲಿದ್ದ ಕಡ್ಲೇಕಾಯಿಯನ್ನು ತಿನ್ನದೆ ಒಂದೊಂದಾಗಿ ಅಂಗಿಯ ಜೇಬಿಗೆ ಇಳಿಸುತ್ತಿದ್ದ.

ತಪ್ಪಿಸಿಕೊಳ್ಳುವ ದಾರಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಡೂಪ್ಲಿಕೇಟ್ ಪಾರ್ಟ್ಸು ಎಂದುಬಿಟ್ಟರೆ ಮುಗಿಯಿತು, ಯಾವ ಮೆಕ್ಯಾನಿಕ್ಕಾದರೂ ಹೇಳುವುದು ಅದನ್ನೇ, ಯಾವ ಗಿರಾಕಿಯಾದರೂ ನಂಬುವುದೂ ಅದನ್ನೇ. ಅವಳ ಕೀ ಅವಳಿಗೇ ಉಳಿಯುತ್ತದೆ. ಅವನ ಹೆಸರೂ ಉಳಿಯುತ್ತದೆ. ಆದರೆ ಮುಂದಿನ ಸಲ ಅವಳು ಮತ್ತೆ ಹೊಸ ಕ್ಯಾಮಿಗೆ ಮುಕ್ಕಾಲು ಗಂಟೆ ಪೂಜೆ ಮಾಡುತ್ತಾಳೆ, ಅದೂ ಸವೆಯುತ್ತದೆ, ಆಗ ಪೆದ್ದಣ್ಣ ಮಾವ ಯಾರನ್ನೂ ಕೇಳುವುದಿಲ್ಲ. ಅಲ್ಲದೆ ನನ್ನ ಪರವಾಗಿಯೂ ಸುಳ್ಳು ಬೇಡ ಎಂದವಳಿಗೆ ಅವನು ಮಾತು ಕೊಟ್ಟಿದ್ದ.

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಬೆಟ್ಟದ ಬಂಡೆ ಸಂಜೆಯ ಬಿಸಿಲಿಗೆ ಕೆಂಪಾಗಿತ್ತು. ಪುರವರದ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಅವನು ಬೆಂಚಿನ ಮೇಲೆ ಗಂಟನ್ನಿಟ್ಟು, ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಆಯಿಲ್ಲು, ರೇಸು, ಇಪ್ಪತ್ತು ನಿಮಿಷ, ಆ ಶನಿವಾರ.

ಅವಳ ಮುಖ ಇಳಿದುಹೋಯಿತು. "ಕಮ್ಮಿ ಮಾಡಿ ಅಂದಿದ್ದು ನಾನಲ್ವಾ?"

"ನಿಮಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ಗೊತ್ತಿರೋನ್ದೇ ತಪ್ಪು."

"ಗೊತ್ತಿದ್ದೂ ಯಾಕೆ ಸುಮ್ಕಿದ್ರಿ?"

ಅವನು ಬೆಟ್ಟದ ಕಡೆ ನೋಡಿದ. ಅಲ್ಲಿಂದ ಯಾವ ಸಹಾಯವೂ ಬರಲಿಲ್ಲ.

"ನಿಮ್ಮನ್ನ ನೋಡ್ತಾ ನಿಂತಿದ್ದೆ," ಎಂದ. "ಎಂಜಿನ್ನು ಓಡ್ತಿರೋದೇ ಮರ್ತೋಯ್ತು. ಆವತ್ತಿಂದ ಇವತ್ತಿನ ತನ್ಕ ಬೇರೆ ಏನು ನೋಡಿದ್ರೂ ನೀವೇ ಕಾಣ್ತೀರ. ಇದನ್ನ ಹೇಳಿ ತಪ್ಪು ಮುಚ್ಕೋಬೇಕು ಅಂತಲ್ಲ. ಯಾಕೆ ಅಂತ ಕೇಳಿದ್ರಿ, ಅದುಕ್ಕೆ ಹೇಳ್ದೆ."

ಬಸ್ಸು ಬಂದು ನಿಂತಿತು. ಅವಳು ಅಣ್ಣಾ ಎನ್ನಲಿಲ್ಲ, ಅಶ್ವತ್ಥ್ ಅವ್ರೆ ಎಂದೂ ಅನ್ನಲಿಲ್ಲ. ಕೈಯಲ್ಲಿ ಉಳಿದಿದ್ದ ಕಡ್ಲೇಕಾಯಿ ಪೊಟ್ಟಣವನ್ನು ಗೋಣಿ ಗಂಟಿನ ಪಕ್ಕ ಇಟ್ಟು ಹತ್ತಿಬಿಟ್ಟಳು. ಬಸ್ಸು ತಿರುಗಿ ಮರೆಯಾಗುವವರೆಗೆ ಕಿಟಕಿಯಲ್ಲಿ ಅವಳ ಮುಖ ಕಾಣಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಆಟೋ ಬಂತು. ಪೆದ್ದಣ್ಣ ಇಳಿದರು, ಬಿಳೀ ಪಂಚೆಯ ಎತ್ತರದ ಆಳು. ಅವರ ಹಿಂದೆ ಕೋಲೂರಿಕೊಂಡು ದೊಡ್ಡರಂಗಯ್ಯನವರು, ಕೊನೆಗೆ ಜ್ಯೋತಿ. ಅವಳು ಅವನ ಕಡೆ ನೋಡದೆ ತನ್ನ ಟ್ರ್ಯಾಕ್ಟರಿನ ಬಳಿ ಹೋಗಿ, ಕಳಚಿದ ಎಂಜಿನ್ನಿನ ಮೇಲೆ ಕೈಯಿಟ್ಟು ನಿಂತಳು.

ಪೆದ್ದಣ್ಣ ಟೀ ಬೇಡ ಎಂದರು. ಪಾವಗಡದ ತೆಲುಗು ಬೆರೆತ ಮಾತಿನಲ್ಲಿ ಸೀದಾ ವಿಷಯಕ್ಕೆ ಬಂದರು.

"ಏಮಪ್ಪಾ ಮೇಸ್ತ್ರಿ, ನಿಜಂ ಚೆಪ್ಪು, ನಿಜ ಹೇಳು. ಉಡುಗಿ ಕೆಡಿಸಿದ್ದಾ, ಇಲ್ಲಾ ಪಾರ್ಟು ಡೂಪ್ಲಿಕೇಟಾ?"

ತಪ್ಪಿಸಿಕೊಳ್ಳುವ ಬಾಗಿಲನ್ನು ಅವರೇ ತೆರೆದು ಹಿಡಿದಿದ್ದರು.

"ಎರಡೂ ಅಲ್ಲ," ಎಂದ ಅಶ್ವತ್ಥ. "ಕೆಡಿಸಿದ್ದು ನಾನು."

ಅವನು ನೇಲ್ ಪಾಲಿಶ್ ಹಾಕಿದ ಫಿಲ್ಟರ್ ತೋರಿಸಿದ, ಬೇರಿಂಗ್ ತೋರಿಸಿದ, ಮೂರು ಬ್ಲೇಡಿನ ಕಥೆ ಹೇಳಿದ. ಈ ತಾಲ್ಲೂಕಿನಲ್ಲಿ ಇವರಷ್ಟು ಚೆನ್ನಾಗಿ ಟ್ರ್ಯಾಕ್ಟರು ಇಟ್ಟುಕೊಂಡವರನ್ನು ತಾನು ನೋಡಿಲ್ಲ ಎಂದ. ಕ್ಯಾಮು ಸವೆದಿದ್ದು ಮೊದಲ ಸ್ಟಾರ್ಟಿನಲ್ಲಿ, ತಾನು ರೇಸು ಇಳಿಸಿ ಸ್ಲೋನಲ್ಲಿ ಬಿಟ್ಟಿದ್ದರಿಂದ ಎಂದ. ಇಳಿಸಲು ಯಾರು ಹೇಳಿದರು ಎನ್ನುವುದನ್ನು ಹೇಳಲಿಲ್ಲ. ಹೊಸ ಕ್ಯಾಮನ್ನು ತಾನೇ ತರಿಸಿ ಹಾಕಿಕೊಡುತ್ತೇನೆ, ಬಿತ್ತನೆಗೆ ತಪ್ಪಿಸುವುದಿಲ್ಲ ಎಂದ.

ಪೆದ್ದಣ್ಣ ಫಿಲ್ಟರನ್ನು ತಿರುಗಿಸಿ ತಿರುಗಿಸಿ ನೋಡಿದರು. ಸೋದರಸೊಸೆಯ ಬರಹ ಅವರಿಗೆ ಗುರುತು ಸಿಕ್ಕಿತು. ಕೆಳಗಿಡುವಾಗ ಮೆಲ್ಲಗೆ ಇಟ್ಟರು. ಆದರೂ ಅವರಿಗೆ ಪೂರಾ ಸಮಾಧಾನವಾಗಲಿಲ್ಲ.

"ನಿನ್ ಎಸ್ರು ಪಾವಗಡದಾಗೂ ಐತೆ. ಹತ್ತು ವರ್ಷದ ಕೈ. ಅಂಗಿರೋನು ಇಂಥದ್ನ ಹೆಂಗಪ್ಪಾ ಮರೆತೆ?"

ಅಶ್ವತ್ಥ ತಲೆ ತಗ್ಗಿಸಿದ. ಇದಕ್ಕೆ ಉತ್ತರ ಒಂದೇ ಇತ್ತು, ಅದನ್ನು ಅವಳ ಅಪ್ಪನ, ಮಾವನ ಮುಂದೆ ಹೇಳುವ ಹಕ್ಕು ಅವನದಾಗಿರಲಿಲ್ಲ. ಹೇಳಿದರೆ ಅವಳ ಹೆಸರಿಗೆ ಮಸಿ. ಮರೆವು ಸ್ವಾಮಿ, ಎಂದ. ಇಷ್ಟು ದೊಡ್ಡ ಮರೆವು ಇರುವವನ ಕೈಗೆ ಎಂಜಿನ್ ಕೊಡುವುದು ಹೇಗೆ ಎಂದು ಪೆದ್ದಣ್ಣ ಕೇಳಿದರು. ಶೆಡ್ಡಿನ ಬಾಗಿಲಲ್ಲಿ ಇನ್ನಿಬ್ಬರು ಗಿರಾಕಿಗಳು ನಿಂತು ಕೇಳಿಸಿಕೊಳ್ಳುತ್ತಿದ್ದರು.

"ಮರೆವಲ್ಲ ಮಾವ," ಎಂದಳು ಜ್ಯೋತಿ. "ನನ್ನ ನೋಡ್ತಾ ನಿಂತ್ಬುಟ್ರಂತೆ."

ಬಾಗಿಲಲ್ಲಿದ್ದ ಗಿರಾಕಿಗಳು ಒಂದು ಹೆಜ್ಜೆ ಒಳಗೆ ಬಂದರು.

"ರೇಸು ಕಮ್ಮಿ ಮಾಡಿ ಅಂದಿದ್ದು ನಾನು. ಅದುನ್ನ ಇವ್ರು ನಿಮಗೆ ಹೇಳ್ಳಿಲ್ಲ, ಮುಚ್ಚಾಕಿದ್ರು. ಅರ್ಧ ತಪ್ಪು ನಂದೇ." ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇನ್ನೊಂದು ಐತೆ. ಇವ್ರು ನೋಡ್ತಿದ್ದುದ್ದು ನಂಗೆ ಗೊತ್ತಿತ್ತು. ಆವತ್ತು ಗಾಳೀನೇ ಇರ್ಲಿಲ್ಲ ಮಾವ. ಒಂದೇ ಕಡ್ಡೀಲಿ ಹತ್ತೋ ಕರ್ಪೂರಕ್ಕೆ ಏಳು ಕಡ್ಡಿ ಗೀರ್ದೆ. ಪೂಜೆ ಬೇಗ ಮುಗೀಬಾರ್ದು ಅಂತ."

ಅಶ್ವತ್ಥ ತಲೆಯೆತ್ತಿದ. ಅವಳು ಈಗ ನೇರವಾಗಿ ಅವನನ್ನೇ ನೋಡುತ್ತಿದ್ದಳು, ಕೆನ್ನೆ ಕೆಂಪಾಗಿತ್ತು, ಕಣ್ಣು ಮಾತ್ರ ಹಿಂದೆಗೆಯಲಿಲ್ಲ. ಈ ನಾಲ್ಕು ತಿಂಗಳು ತಾನೊಬ್ಬನೇ ಸುಟ್ಟುಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದವನಿಗೆ ಸಂತೋಷದಿಂದ ಅಳು ಬಂದಂತಾಯಿತು.

ಪೆದ್ದಣ್ಣ ಭಾವನ ಕಡೆ ತಿರುಗಿ, ಇದೇನು ಬಾವ, ಎಂದರು. ದೊಡ್ಡರಂಗಯ್ಯನವರು ಕೋಲಿನ ಮೇಲೆ ಗದ್ದ ಊರಿ ನಗುತ್ತಿದ್ದರು.

"ನಂಗೆ ಆವತ್ತೇ ನಿಂತೂ ನಿಂತೂ ಈ ಮುರುಕು ಸೊಂಟ ಬಿದ್ದೋಗಿತ್ತು ಕಣಯ್ಯ. ಇದ್ಯಾವ ಪೂಜೆ ಇದು, ಮುಗಿಯೋದೇ ಇಲ್ವಲ್ಲ ಅಂತಿದ್ದೆ."

ಪೆದ್ದಣ್ಣ ನಗಬಾರದು ಎಂದು ಬಹಳ ಪ್ರಯತ್ನಪಟ್ಟರು. ಮೀಸೆ ಒಪ್ಪಲಿಲ್ಲ. ಕೊನೆಗೆ ಟೀ ತರಿಸು ಎಂದರು. ಟೀ ಕುಡಿಯುತ್ತಾ, ಓಡಿಸಿದವರದು ತಪ್ಪಿಲ್ಲ ಎಂದ ಮೇಲೆ ಗಾಡಿ ಇಲ್ಲೇ ಇರಲಿ, ತಾನು ಆಡಿದ ಮಾತು ತಪ್ಪು ಎಂದು ಸೊಸೆಯ ತಲೆ ಮುಟ್ಟಿ ಹೇಳಿದರು. ಆಮೇಲೆ ಅಶ್ವತ್ಥನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆತನ ವಿಚಾರಿಸಿದರು. ಅವನ ತಾಯಿ ದಾಸಮ್ಮ ಕೊರಟಗೆರೆ ಕಡೆ ಸಿದ್ದರಬೆಟ್ಟದ ಬುಡದ ಊರಿನಲ್ಲಿದ್ದಾರೆ, ಅಂಗನವಾಡಿಯಲ್ಲಿ ಕೆಲಸ, ಎಂದು ತಿಳಿಯಿತು.

"ಸರಿ. ಹೆಣ್ಣು ನೋಡಕ್ಕೆ ಅವರ್ನ ಯಾವಾಗ ಕರ್ಕೊಂಬರ್ತೀಯಪ್ಪಾ?"

ಅವನು ಉತ್ತರ ಹುಡುಕುವಷ್ಟರಲ್ಲಿ ಜ್ಯೋತಿ ಖಾಲಿ ಲೋಟ ಕೆಳಗಿಟ್ಟಳು.

"ಅವರಮ್ಮನ್ನ ಯಾಕೆ ಬಸ್ಸಲ್ಲಿ ಅಲೆಸೋದು ಮಾವ? ಬಿತ್ತನೆ ಮುಗೀಲಿ. ಟ್ರೇಲರ್‌ನಾಗೆ ಎಲ್ಲಾರ್ನೂ ಕೂರಿಸ್ಕೊಂಡು ನಾನೇ ಓಡ್ಸ್ಕೊಂಡು ಹೋಗ್ತೀನಿ, ಗಂಡು ನೋಡಕ್ಕೆ." ಆಮೇಲೆ ಅಶ್ವತ್ಥನ ಕಡೆ ತಿರುಗಿ, ಗಿರಾಕಿಯ ಗತ್ತಿನಲ್ಲೇ ಕೇಳಿದಳು, "ಸಿದ್ದರಬೆಟ್ಟದ ತನ್ಕ ನೀವು ಕಟ್ಟಿದ ಎಂಜಿನ್ನು ತಡೆಯುತ್ತಾ?"

"ತಡೆಯುತ್ತೆ. ವಾಪಸ್ ಬರೋವಾಗ ಟ್ರೇಲರ್‌ನಾಗೆ ನಾನೂ ಹತ್ಕೊಂಡ್ರೂ ತಡೆಯುತ್ತೆ."

"ಟ್ರೇಲರ್‌ನಾಗೆ ಯಾಕೆ?" ಎಂದಳು ಜ್ಯೋತಿ. "ಡ್ರೈವರ್ ಪಕ್ಕ, ಮಡ್‌ಗಾರ್ಡ್ ಮೇಲೆ ಜಾಗ ಐತಲ್ಲ."